ಕಾರಿನ ಗ್ಯಾಸ್ ಎಲ್ಲಿಗೆ ಹೋಯ್ತು?

ಮಾರ್ಚ್ ಬಂತೆಂದರೆ ಕಲಬುರಗಿಯ ಗ್ಯಾರೇಜುಗಳಲ್ಲಿ ಒಂದೇ ಮಾತು: ‘ಎ.ಸಿ. ತಂಪು ಬರ್ತಿಲ್ರಿ, ಸ್ವಲ್ಪ ಗ್ಯಾಸ್ ಹಾಕಿ ಕೊಡ್ರಿ’. ಬಿಸಿಲು 40 ಡಿಗ್ರಿ ದಾಟುವ ಈ ಊರಿನಲ್ಲಿ ಕಾರಿನ ಎ.ಸಿ. ಶೋಕಿಯಲ್ಲ. ಬಾಡಿಗೆ ಕಾರು ಓಡಿಸುವವರಿಗಂತೂ ಅದು ಹೊಟ್ಟೆಪಾಡು. ಐಟಿಐ ಮುಗಿಸಿ ಎರಡು ಬೇಸಿಗೆ ಈ ಕೆಲಸ ಮಾಡಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಗ್ಯಾಸ್ ತುಂಬುವುದನ್ನು ಯಾರಾದರೂ ಬೇಗ ಕಲಿಯಬಹುದು. ಇದ್ದ ಗ್ಯಾಸ್ ಎಲ್ಲಿಗೆ ಹೋಯಿತು ಎಂದು ಹುಡುಕುವುದೇ ವಿದ್ಯೆ.

ಇದು ಪೆಟ್ರೋಲ್ ಅಲ್ಲ

ಎ.ಸಿ.ಯ ಗ್ಯಾಸ್ ಉರಿದು ಖರ್ಚಾಗುವುದಿಲ್ಲ, ಮುಚ್ಚಿದ ಪೈಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಕಿರಿದಾದ ಕಂಡಿ ದಾಟಿದ ಕೂಡಲೇ ಒತ್ತಡ ಇಳಿದು, ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಕಾರಿನೊಳಗಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ನಮಗೆ ಸಿಗುವ ತಂಪು ಅದೇ. ರಬ್ಬರ್ ಪೈಪುಗಳಿಂದ ವರ್ಷಗಳಲ್ಲಿ ತುಸು ಗ್ಯಾಸ್ ಇಂಗಬಹುದು. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ.

ನಾಡಿ ನೋಡುವ ಗೇಜ್

ಪರೀಕ್ಷೆ ಶುರುವಾಗುವುದು ಕಣ್ಣು, ಕಿವಿಯಿಂದ. ಎ.ಸಿ. ಸ್ವಿಚ್ ಒತ್ತಿದಾಗ ಕಂಪ್ರೆಸರ್ ಕ್ಲಚ್ ‘ಟಕ್’ ಎಂದು ಹಿಡಿಯುತ್ತದೆಯೇ? ಫ್ಯಾನ್ ತಿರುಗುತ್ತಿದೆಯೇ? ಫ್ಯೂಸ್, ರಿಲೇ ಸರಿ ಇವೆಯೇ? ಎಷ್ಟೋ ಸಲ ಧೂಳು ತುಂಬಿದ ಕ್ಯಾಬಿನ್ ಫಿಲ್ಟರ್ ಒಂದೇ ಅಪರಾಧಿ, ಗ್ಯಾಸ್ ಮುಟ್ಟುವ ಅಗತ್ಯವೇ ಬೀಳದು.

ಆಮೇಲೆ ಗೇಜ್. ನೀಲಿ ಪೈಪು ಕಡಿಮೆ ಒತ್ತಡದ ಕಡೆಗೆ, ಕೆಂಪು ಪೈಪು ಹೆಚ್ಚು ಒತ್ತಡದ ಕಡೆಗೆ. ಆರ್-134ಎ ಗ್ಯಾಸ್ ಇರುವ ಕಾರು ಸರಿಯಿದ್ದರೆ ನೀಲಿ ಮುಳ್ಳು ಸುಮಾರು 25ರಿಂದ 45 ಪಿಎಸ್‌ಐ, ಕೆಂಪು ಮುಳ್ಳು 150ರಿಂದ 250ರ ನಡುವೆ ನಿಲ್ಲುತ್ತದೆ. ಹೊರಗಿನ ಬಿಸಿಲಿಗೆ ತಕ್ಕಂತೆ ಇದು ಏರಿಳಿಯುತ್ತದೆ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ ಅಥವಾ ಗ್ಯಾಸ್ ಅತಿಯಾಗಿದೆ. ನೀಲಿ ಹೆಚ್ಚು, ಕೆಂಪು ಕಡಿಮೆ ಇದ್ದರೆ ಕಂಪ್ರೆಸರ್ ಸೋತಿರಬಹುದು. ನೀಲಿ ಮುಳ್ಳು ಸೊನ್ನೆಗಿಂತ ಕೆಳಗಿಳಿದರೆ ವಾಲ್ವ್ ಕಟ್ಟಿರುವ ಅನುಮಾನ. ನಾಲ್ಕೂ ಕಾರುಗಳ ಮಾಲೀಕರು ಹೇಳುವುದು ಮಾತ್ರ ಒಂದೇ: ‘ಗ್ಯಾಸ್ ಹಾಕ್ರಿ’.

ಗಾಳಿಗೆ ಹೋದ ದುಡ್ಡು

ಕಳೆದ ಬೇಸಿಗೆಯಲ್ಲಿ ಬಾಡಿಗೆ ಕಾರಿನ ಚಾಲಕರೊಬ್ಬರು ಬಂದಿದ್ದರು. ಎರಡು ತಿಂಗಳಲ್ಲಿ ಎರಡು ಸಲ ಬೇರೆ ಕಡೆ ಗ್ಯಾಸ್ ತುಂಬಿಸಿದ್ದರು. ‘ಮದುವಿ ಸೀಸನ್ ಐತಿ, ಗಾಡಿ ನಿಲ್ಸೂದು ಆಗಂಗಿಲ್ಲ. ಇನ್ನೊಮ್ಮೆ ತುಂಬ್ಸಿ ಕೊಡ್ರಿ’ ಎಂದರು. ಗೇಜ್‌ನಲ್ಲಿ ಎರಡೂ ಮುಳ್ಳು ಕೆಳಗೇ ಇದ್ದವು. ಕಂಡೆನ್ಸರ್‌ನ ಕೆಳ ಮೂಲೆಯಲ್ಲಿ ಎಣ್ಣೆ ಹಿಡಿದ ಧೂಳಿನ ಕಲೆ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಸೋರುವ ಜಾಗ ಹೀಗೆ ಗುರುತು ಬಿಡುತ್ತದೆ. ಉಳಿದ ಗ್ಯಾಸನ್ನು ಯಂತ್ರದಿಂದ ಹೊರತೆಗೆದು, ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚಿದೆವು. ಗುಳ್ಳೆ ಎದ್ದವು.

‘ಅಣ್ಣಾ, ನಿಮ್ಮ ರೊಕ್ಕ ಇಲ್ಲಿಂದ ಹೋಗ್ಯಾದ ನೋಡ್ರಿ’ ಎಂದು ನಮ್ಮ ಉಸ್ತಾದ್ ಬೆರಳಿಟ್ಟು ತೋರಿಸಿದರು. ಚಾಲಕರು ಸ್ವಲ್ಪ ಹೊತ್ತು ಗುಳ್ಳೆಗಳನ್ನೇ ನೋಡಿದರು. ಒಂದು ದಿನದ ಬಾಡಿಗೆ ಬಿಟ್ಟು ಕಾರನ್ನು ನಮ್ಮಲ್ಲೇ ನಿಲ್ಲಿಸಿದರು.

ಕಂಡೆನ್ಸರ್ ಬದಲಿಸಿ, ಹೊಸ ಓ-ರಿಂಗ್ ಹಾಕಿ, ಹೊಸ ಭಾಗಕ್ಕೆ ಬೇಕಾದಷ್ಟು ಎಣ್ಣೆ ಸೇರಿಸಿದೆವು. ಬಳಿಕ ಪಂಪಿನಿಂದ ಅರ್ಧ ಗಂಟೆ ಒಳಗಿನ ಗಾಳಿಯನ್ನೆಲ್ಲ ಎಳೆದೆವು. ಈ ಹೆಜ್ಜೆ ತಪ್ಪಿಸುವಂತಿಲ್ಲ. ಒಳಗೆ ನೀರಿನ ಪಸೆ ಉಳಿದರೆ ವಾಲ್ವ್‌ನಲ್ಲಿ ಮಂಜುಗಟ್ಟುತ್ತದೆ, ಆಮ್ಲವಾಗಿ ಲೋಹವನ್ನೂ ತಿನ್ನುತ್ತದೆ. ಕೊನೆಗೆ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಿದೆವು. ಹೆಚ್ಚು ಹಾಕಿದರೂ ತಂಪು ಕಡಿಮೆಯೇ.

ಆಕಾಶದ ಲೆಕ್ಕ

ಸೋರಿಕೆ ಮುಚ್ಚದೆ ಗ್ಯಾಸ್ ತುಂಬುವುದರಿಂದ ಗ್ರಾಹಕರಿಗಷ್ಟೇ ನಷ್ಟವಲ್ಲ. ಹಿಂದೆ ಕಾರುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಹೋಗಿ ಆರ್-134ಎ ಬಂತು. ಇದು ಓಝೋನ್‌ಗೆ ಹಾನಿ ಮಾಡದು. ಆದರೆ 100 ವರ್ಷಗಳ ಲೆಕ್ಕದಲ್ಲಿ ಇದರ 1 ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಕಾರನ್ನು ತಂಪು ಮಾಡಲು ಊರಿಗೇ ಸೆಕೆ ಹೆಚ್ಚಿಸಿದಂತೆ! ಕೈಗೂ ಅಪಾಯವಿದೆ. ಹೊರ ಚಿಮ್ಮಿದ ದ್ರವ ಮೈನಸ್ 26 ಡಿಗ್ರಿಯಲ್ಲೇ ಕುದಿಯುವುದರಿಂದ ಚರ್ಮ, ಕಣ್ಣು ಹೆಪ್ಪುಗಟ್ಟಬಹುದು. ಕನ್ನಡಕ, ಕೈಗವಸು ಇಲ್ಲದೆ ಪೈಪು ಬಿಚ್ಚಬಾರದು.

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಗ್ಯಾರೇಜ್ ಕೆಲಸವೆಂದರೆ ಕೈ ಕೊಳೆ ಮಾಡಿಕೊಳ್ಳುವುದು ಮಾತ್ರ ಎಂಬ ಭಾವನೆ ಬಿಡಿ. ಶಾಲೆಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಒತ್ತಡ, ತಾಪ, ಸುಪ್ತೋಷ್ಣಗಳೆಲ್ಲ ಇಲ್ಲಿ ಪ್ರತಿದಿನ ಬಳಕೆಗೆ ಬರುತ್ತವೆ. ಬ್ಯಾಟರಿ ಕಾರುಗಳಲ್ಲಿ ಕಂಪ್ರೆಸರ್ ಕೂಡ ಹೈ-ವೋಲ್ಟೇಜ್ ವಿದ್ಯುತ್ತಿನಿಂದ ಓಡುವುದರಿಂದ ಕಲಿಯುವುದು ಇನ್ನೂ ಹೆಚ್ಚಾಗಿದೆ. ಗ್ಯಾಸ್ ತುಂಬುವವರು ಬೀದಿಗೊಬ್ಬರಿದ್ದಾರೆ. ಕಾರಣ ಹುಡುಕಿ, ಅದನ್ನು ಗ್ರಾಹಕರ ಕಣ್ಣಿಗೇ ತೋರಿಸುವವರು ಕಡಿಮೆ. ಅವರಿಗೆ ಬೇಸಿಗೆ ಮುಗಿದ ಮೇಲೂ ಕೆಲಸವಿರುತ್ತದೆ.