ಮೊದಲನೆಯ ಕೆಮರಾವನ್ನು ಕೊಳ್ಳುವ ವಿಷಯ

ಶಾಲೆಯನ್ನು ಬಿಟ್ಟುಹೋಗುವ ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು, ವರುಷಗಟ್ಟಲೆ ಕೂಡಿಸಿಟ್ಟ ಹಣದಿಂದ ಯಾವ ಕೆಮರಾವನ್ನು ಕೊಳ್ಳತಕ್ಕದ್ದೆಂದು ನಮ್ಮನ್ನು ಕೇಳುವದುಂಟು. ಆ ಹಣವು ವ್ಯರ್ಥವಾಗಬಾರದೆಂದು ಇದನ್ನು ಬರೆಯುತ್ತೇವೆ.

ಎಸ್‌.ಎಲ್‌.ಆರ್‌. ಕೆಮರಾದಲ್ಲಿ ಮಸೂರದ ಮೂಲಕ ಬಂದ ಬೆಳಕನ್ನು ಒಂದು ಕನ್ನಡಿಯು ಮೇಲಕ್ಕೆ ತಿರುಗಿಸುವದರಿಂದ, ಮಸೂರವು ಕಂಡದ್ದನ್ನೇ ನಮ್ಮ ಕಣ್ಣೂ ಕಾಣುವದು. ಗುಂಡಿಯನ್ನೊತ್ತಿದ ಕ್ಷಣ ಕನ್ನಡಿಯು ಎದ್ದು ದಾರಿಬಿಡುವದು. ಈಗ ಹೊಸದಾಗಿ ಬರುವವುಗಳಲ್ಲಿ ಹೆಚ್ಚಿನವು ಕನ್ನಡಿಯಿಲ್ಲದವುಗಳಾದ ಕಾರಣ, ಕನ್ನಡಿಯುಳ್ಳವು ಬಳಸಿದ ಸ್ಥಿತಿಯಲ್ಲಿ ಕಡಿಮೆ ಕ್ರಯಕ್ಕೆ ದೊರೆಯುತ್ತವೆ. ಕಲಿಯುವವಳಿಗೆ ಅದೇ ಸಾಕು.

ಕೆಮರಾದೊಂದಿಗೆ 18-55 ಮಿಲ್ಲಿಮೀಟರಿನ ಮಸೂರವನ್ನು ಕೊಡುವದು ಅಂಗಡಿಯವರ ವಾಡಿಕೆ. ಹಗಲಿಗೆ ಅದು ಒಳ್ಳೆಯದೇ. ಸಾಯಂಕಾಲದ ಆರಾಧನೆಯಲ್ಲಿ ದೀಪದ ಬೆಳಕಿಗೆ ಹಾಡುವ ಮಕ್ಕಳ ಮುಖಗಳಾದರೋ ಅದರಲ್ಲಿ ಕದಡಿಹೋಗುವವು. ಯಾಕಂದರೆ 55 ರ ತುದಿಯಲ್ಲಿ ಅದರ ಬೆಳಕಿನ ಕಂಡಿಯು ಎಫ್‌ 5.6 ಕ್ಕಿಂತ ಅಗಲವಾಗದು. ಈ ಅಂಕೆ ಕಿರಿದಾದಷ್ಟೂ ಕಂಡಿಯು ಹಿರಿದು. 50 ಮಿಲ್ಲಿಮೀಟರಿನ, ಎಫ್‌ 1.8 ರ ಮಸೂರವು ಅದರ ಹತ್ತಿರ ಹತ್ತು ಪಾಲು ಬೆಳಕನ್ನು ಒಳಗೆ ಬಿಡುವದು. ಆದಕಾರಣ ಕೆಮರಾದಲ್ಲಿ ಉಳಿಸಿದ ಹಣವನ್ನು ಇದಕ್ಕೆ ಹಾಕುವದು ಯುಕ್ತ. ಇಕ್ಕಟ್ಟಾದ ಕೋಣೆಗಳಲ್ಲಿ ಚಿತ್ರ ತೆಗೆಯುವವರು 35 ನ್ನು ಆರಿಸಿಕೊಳ್ಳಲಿ.

ಬಳಸಿದ ಮಸೂರವನ್ನು ದೀಪಕ್ಕೆ ಹಿಡಿದು ನೋಡದೆ ಹಣ ಕೊಡಬಾರದು. ನಮ್ಮ ಕರಾವಳಿಯ ಮಳೆಗಾಲದ ತೇವದಿಂದ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುವದುಂಟು. ಅದು ಒರಸಿದರೆ ಹೋಗುವಂಥದಲ್ಲ. ಚರ್ಮದ ಚೀಲವು ನೋಟಕ್ಕೆ ಚಂದ, ಆದರೆ ತೇವವನ್ನು ಹಿಡಿದಿಡುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಇಡತಕ್ಕದ್ದು.