ಮೂರನೆಯ ಅಂಗಳ

ಯುರೋಪಿಯನ್ ಕಪ್ ಗೆದ್ದ ತಂಡವೂ ದಕ್ಷಿಣ ಅಮೆರಿಕದ ಕೋಪಾ ಲಿಬರ್ಟಡೋರೆಸ್ ಗೆದ್ದ ತಂಡವೂ ಎದುರುಬದುರಾಗಿ ನಿಂತು ಸೆಣಸಿದರೆ, ಜಗತ್ತಿನಲ್ಲಿ ಯಾವ ಕ್ಲಬ್ಬು ಶ್ರೇಷ್ಠವೆಂಬ ಪ್ರಶ್ನೆಗೆ ನಿರ್ವಿವಾದವಾದ ಉತ್ತರ ದೊರೆತೀತೆಂಬ ಆಶಯದಿಂದ 1960ರಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಆರಂಭವಾಯಿತು. ಮೊದಲ ವರ್ಷ ಮಾಂಟೆವಿಡಿಯೊದಲ್ಲಿ ಗೋಲಿಲ್ಲದೆ ಸಮನಾದ ರಿಯಲ್ ಮ್ಯಾಡ್ರಿಡ್, ತನ್ನ ಊರಿನಲ್ಲಿ ಉರುಗ್ವೆಯ ಪೆನ್ಯರೋಲ್ ತಂಡವನ್ನು 5–1ರಿಂದ ಮಣಿಸಿತು. 1962ರಲ್ಲಿ ಪೆಲೆ ಲಿಸ್ಬನ್ನಿನಲ್ಲಿಯೇ ಬೆನ್ಫಿಕಾದ ವಿರುದ್ಧ ಮೂರು ಗೋಲು ಹೊಡೆದು ಸ್ಯಾಂಟೋಸ್ ತಂಡಕ್ಕೆ 5–2ರ ವಿಜಯವನ್ನು ತಂದುಕೊಟ್ಟರು.

ಇಂತಹ ಪ್ರತಿಭೆಯ ಪ್ರಭೆಯಲ್ಲಿ ಏರ್ಪಾಡಿನ ಒಂದು ದೋಷ ಕೆಲಕಾಲ ಮರೆಯಾಗಿಯೇ ಉಳಿಯಿತು. ಎರಡು ಖಂಡಗಳಿಗೂ ಆಟದ ನಿಯಮಾವಳಿ ಒಂದೇ. ಆದರೆ ಮದುವೆಯ ಮಂತ್ರ ಒಂದೇ ಆದರೂ ಮನೆಮನೆಗೆ ಪದ್ಧತಿ ಬೇರೆಯಾಗಿರುವಂತೆ, ಮೈಮೇಲೆ ಬಿದ್ದು ಚೆಂಡು ಕಸಿಯುವುದು ಪೌರುಷವೋ ಅನ್ಯಾಯವೋ, ಎದುರಾಳಿಯನ್ನು ಕೆಣಕುವುದು ಜಾಣತನವೋ ನೀಚತನವೋ ಎಂಬ ವಿಷಯದಲ್ಲಿ ಒಬ್ಬರ ರೂಢಿ ಇನ್ನೊಬ್ಬರಿಗೆ ಒಗ್ಗುತ್ತಿರಲಿಲ್ಲ. ಒಮ್ಮೆ ಸ್ವಂತ ಅಂಗಳ, ಒಮ್ಮೆ ಪರರ ಅಂಗಳ ಎಂಬ ವ್ಯವಸ್ಥೆ ಲೆಕ್ಕಕ್ಕೆ ನ್ಯಾಯವಾಗಿ ತೋರಿದರೂ, ಆತಿಥೇಯರ ರೂಢಿಯೇ ಅಂದಿನ ಕಾನೂನಾಗುವ ಅಪಾಯ ಅದರಲ್ಲಿ ಅಡಗಿತ್ತು.

ಆ ಅಪಾಯ 1967ರಲ್ಲಿ ನಗ್ನವಾಗಿ ಕಾಣಿಸಿತು. ಗ್ಲಾಸ್ಗೋದ ಸೆಲ್ಟಿಕ್, ಆ ಊರಿನ ಸುತ್ತಮುತ್ತಲಲ್ಲಿಯೇ ಹುಟ್ಟಿ ಬೆಳೆದ ಆಟಗಾರರನ್ನು ಕಟ್ಟಿಕೊಂಡು, ಜಾಕ್ ಸ್ಟೀನರ ಮಾರ್ಗದರ್ಶನದಲ್ಲಿ ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡ. ಅದರ ಎದುರಾಳಿ ಅರ್ಜೆಂಟೀನಾದ ರೇಸಿಂಗ್ ಕ್ಲಬ್. ಹ್ಯಾಂಪ್ಡನ್ ಪಾರ್ಕಿನಲ್ಲಿ ನಾಯಕ ಬಿಲ್ಲಿ ಮೆಕ್‌ನೀಲರ ಗೋಲಿನಿಂದ ಸೆಲ್ಟಿಕ್ 1–0ರಿಂದ ಗೆದ್ದಿತು. ರೇಸಿಂಗ್‌ನ ಊರಾದ ಅವೆಲ್ಯಾನೆಡಾದಲ್ಲಿ ಆಟ ಮೊದಲಾಗುವುದಕ್ಕೆ ಮುನ್ನವೇ ಎತ್ತಲಿಂದಲೋ ತೂರಿಬಂದ ವಸ್ತುವೊಂದು ಗೋಲ್‌ಕೀಪರ್ ರಾನಿ ಸಿಂಪ್ಸನ್ನರ ತಲೆಗೆ ಬಡಿದು ಅವರು ಆಡಲಾರದಂತಾಯಿತು. ಪಂದ್ಯ 2–1ರಿಂದ ರೇಸಿಂಗ್ ಪಾಲಾಯಿತು. ಪರನೆಲದ ಗೋಲಿಗೆ ಹೆಚ್ಚಿನ ಬೆಲೆ ಕೊಡುವ ನಿಯಮವಿದ್ದಿದ್ದರೆ ಕಪ್ ಅಲ್ಲಿಯೇ ಸೆಲ್ಟಿಕ್‌ಗೆ ಸಲ್ಲುತ್ತಿತ್ತು. ಆದರೆ ಅಂದು ಎಣಿಕೆಗೆ ಬರುತ್ತಿದ್ದುದು ಗೆಲುವುಗಳು ಮಾತ್ರವಾದುದರಿಂದ ಮೂರನೆಯ ಪಂದ್ಯ ಅನಿವಾರ್ಯವಾಯಿತು.

ಅದಕ್ಕೆ ಗೊತ್ತಾದ ಅಂಗಳ ಮಾಂಟೆವಿಡಿಯೊ. ಕಾಗದದ ಮೇಲೆ ಅದು ತಟಸ್ಥ ನೆಲವಾದರೂ ರೇಸಿಂಗ್ ಅಭಿಮಾನಿಗಳಿಗೆ ನಡುವೆ ಇದ್ದುದು ಲಾ ಪ್ಲಾಟಾ ನದಿಯೊಂದೇ. ನವೆಂಬರ್ 4ರಂದು ಹುವಾನ್ ಕಾರ್ಲೋಸ್ ಕಾರ್ಡೆನಾಸ್ ಬಹುದೂರದಿಂದ ಹೊಡೆದ ಅಮೋಘವಾದ ಗೋಲೊಂದೇ ಪಂದ್ಯವನ್ನು ನಿರ್ಣಯಿಸಿತು. ಆದರೆ ಸೆಲ್ಟಿಕ್‌ನ ನಾಲ್ವರನ್ನೂ ರೇಸಿಂಗ್‌ನ ಇಬ್ಬರನ್ನೂ ರೆಫರಿ ಹೊರಗಟ್ಟಬೇಕಾಗಿ ಬಂದು, ಅವರಲ್ಲಿ ಬರ್ಟಿ ಆಲ್ಡ್ ಹೊರನಡೆಯಲು ಒಪ್ಪದೆ ಅಂಗಳದಲ್ಲಿಯೇ ಉಳಿದುಬಿಟ್ಟ ಆ ರಂಪದಲ್ಲಿ ಗೋಲಿನ ಸೊಬಗು ಮುಚ್ಚಿಹೋಯಿತು. ಸೆಲ್ಟಿಕ್ ತನ್ನ ಆಟಗಾರರಿಗೆ ತಲಾ 250 ಪೌಂಡು ದಂಡ ವಿಧಿಸಿತು.

ಎರಡು ವರ್ಷಗಳ ಅನಂತರ ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾದ ಎಸ್ಟುಡಿಯಾಂಟೆಸ್ ತಂಡದ ಆಟಗಾರರು ಮಿಲಾನಿನ ನೆಸ್ಟರ್ ಕೊಂಬಿನ್ನರ ಮುಖವನ್ನು ರಕ್ತಸಿಕ್ತಗೊಳಿಸಿದುದು ಎಷ್ಟು ಅತಿರೇಕವಾಯಿತೆಂದರೆ, ಮೂವರು ಆಟಗಾರರು ಸೆರೆಮನೆಗೆ ಹೋದರು. ಯುರೋಪಿನ ತಂಡಗಳು ಬೆನ್ನುತಿರುಗಿಸತೊಡಗಿದವು: 1971ರಲ್ಲಿ ಅಯಾಕ್ಸ್ ಒಲ್ಲೆನೆಂದಿತು, 1974ರಲ್ಲಿ ಬಯರ್ನ್ ಮ್ಯೂನಿಕ್ ಹಿಂದೆ ಸರಿಯಲು, ಯುರೋಪಿನ ಕಿರೀಟವನ್ನೇ ಧರಿಸದ ಅಟ್ಲೆಟಿಕೊ ಮ್ಯಾಡ್ರಿಡ್ ಈ ಕಪ್ ಗೆದ್ದ ವಿಚಿತ್ರವೂ ನಡೆಯಿತು, 1975 ಮತ್ತು 1978ರಲ್ಲಿ ಪಂದ್ಯವೇ ನಡೆಯಲಿಲ್ಲ.

ಅಂತ್ಯದಲ್ಲಿ ಪರಿಹಾರ ಬಂದುದು ಹೊಸ ನಿಯಮದಿಂದಲ್ಲ, ದೂರದಿಂದ. ಟೊಯೊಟಾ ಸಂಸ್ಥೆಯ ಪ್ರಾಯೋಜಕತ್ವದಲ್ಲಿ 1980ರ ಕಪ್ಪಿನಿಂದ ಮೊದಲ್ಗೊಂಡು ಟೋಕಿಯೊದಲ್ಲಿ ಒಂದೇ ಪಂದ್ಯವೆಂದು ಗೊತ್ತಾಯಿತು. ಎರಡೂ ತಂಡಗಳು ಸಮಾನವಾಗಿ ಪರದೇಶಿಗಳಾದ ಆ ಅಂಗಳದಲ್ಲಿ, 1981ರ ಡಿಸೆಂಬರಿನಲ್ಲಿ ಜೀಕೊನ ಫ್ಲಮೆಂಗೊ ಮೊದಲರ್ಧದಲ್ಲಿಯೇ ಮೂರು ಗೋಲು ಹೊಡೆದು ಲಿವರ್‌ಪೂಲ್ ತಂಡವನ್ನು ನಿರುತ್ತರಗೊಳಿಸಿದಾಗ, ಮರುದಿನ ಚರ್ಚೆಗೆ ಆಟವಲ್ಲದೆ ಬೇರೆ ವಿಷಯವಿರಲಿಲ್ಲ.

ಆದರೂ ಈ ಲಾಭ ಬೆಲೆಯಿಲ್ಲದೆ ಬಂದುದಲ್ಲ. ವಿರೋಧಿಗಳ ಮನೆಯಲ್ಲಿ, ಅವರ ಜನದ ಕೂಗಿನ ನಡುವೆ ಗೆದ್ದು ಬರುವ ಪರೀಕ್ಷೆ ಟೋಕಿಯೊದಲ್ಲಿ ಇರಲಿಲ್ಲ. ಗ್ಲಾಸ್ಗೋದವರಿಗಾಗಲಿ ಅವೆಲ್ಯಾನೆಡಾದವರಿಗಾಗಲಿ ವಿಶ್ವವಿಜೇತರನ್ನು ತಮ್ಮೂರಿನಲ್ಲಿ ಕಣ್ಣಾರೆ ಕಾಣುವ ಭಾಗ್ಯವೂ ಇರಲಿಲ್ಲ. 2004ರಲ್ಲಿ ಕಪ್ ಕೊನೆಗೊಂಡ ಮೇಲೆ, 2017ರಲ್ಲಿ ಫಿಫಾ ಇದರ ವಿಜೇತರೆಲ್ಲರನ್ನೂ ವಿಶ್ವ ಚಾಂಪಿಯನ್ನರೆಂದು ಮನ್ನಿಸಿತು. ಆ ಪಟ್ಟಿಯಲ್ಲಿ ರೇಸಿಂಗ್‌ಗೂ ಫ್ಲಮೆಂಗೊಗೂ ಸ್ಥಾನ ಒಂದೇ. ಆದರೆ ಸೋತವನೂ ಒಪ್ಪಿಕೊಳ್ಳುವಂತಹ ಗೆಲುವು ಬೇಕಾದರೆ ನಿಯಮಗಳು ಸಮವಾಗಿದ್ದರೆ ಸಾಲದು, ಇಬ್ಬರಲ್ಲಿ ಯಾರೂ ಯಜಮಾನರಲ್ಲದ ನೆಲವೂ ಬೇಕೆಂಬುದನ್ನು ಕಲಿಯುವುದಕ್ಕೆ ಫುಟ್ಬಾಲ್ ಜಗತ್ತಿಗೆ ಇಪ್ಪತ್ತು ವರ್ಷಗಳು ಹಿಡಿದವು.