ಮೀನಿನ ಲೋಳೆ ಯಾರಿಗೆ ಮದ್ದು?

ನಮ್ಮ ಊರುಗಳಲ್ಲಿ ಮಿರಗದ ಮಳೆ ಎಂದರೆ ಬಿತ್ತನೆಯ ನೆನಪು. ಹೈದರಾಬಾದಿನಲ್ಲಿ ಮಿರಗ ಎಂದರೆ ಮೀನು! ಜೂನ್ ಎರಡನೆಯ ವಾರದ ಹೊತ್ತಿಗೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಕುಟುಂಬದವರು ಉಬ್ಬಸದವರಿಗೆ ಕೊಡುವ ಮೀನು ಪ್ರಸಾದದ ಸಾಲನ್ನು ನೀವೂ ನೋಡಿರುತ್ತೀರಿ. ಬಾಯಲ್ಲಿ ಹಳದಿ ಮದ್ದು ತುರುಕಿದ ಕೊರವ ಮೀನಿನ ಪುಟ್ಟ ಮರಿಯನ್ನು ಜೀವಂತವಾಗಿ ನುಂಗಬೇಕು. ತೆಲುಗರು ಕೊರ್ರಮೀನು ಎನ್ನುವುದು ಇದನ್ನೇ. ತೆಲಂಗಾಣದ ರಾಜ್ಯ ಮೀನೂ ಇದೇ.

ಮರಿ ಸುಲಭವಾಗಿ ಗಂಟಲಿನಲ್ಲಿ ಜಾರುವುದು ಮೈಮೇಲಿನ ಲೋಳೆಯಿಂದ. ಆ ಲೋಳೆಯಲ್ಲಿ ರೋಗಾಣು ಕೊಲ್ಲುವ ಶಕ್ತಿ ಇದೆಯೇ ಎಂದು ಕೇಳಿದರೆ, ಖಂಡಿತ ಇದೆ. ಆದರೆ ಅದು ಮೀನಿನ ಉಪಯೋಗಕ್ಕೆ.

ನಮ್ಮ ಚರ್ಮದ ಮೇಲೆ ಸತ್ತ ಕೋಶಗಳ ಒಣ ಪದರವಿದೆ. ಮೀನಿಗೆ ಅದಿಲ್ಲ, ಸುತ್ತ ನೀರಿನ ತುಂಬ ಬ್ಯಾಕ್ಟೀರಿಯಾ. ಹಾಗಾಗಿ ಅದರ ಚರ್ಮ ಸದಾ ಲೋಳೆ ಸ್ರವಿಸುತ್ತದೆ. ಹಳೆಯದು ಕಳಚಿಹೋಗುವಾಗ ಅಂಟಿಕೊಂಡ ರೋಗಾಣುಗಳೂ ಹೋಗುತ್ತವೆ. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಅದರಲ್ಲಿದೆ. ನಮ್ಮ ಕಣ್ಣೀರಿನಲ್ಲೂ ಇರುವಂಥದ್ದು. 1997ರಲ್ಲಿ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಲೋಳೆಯಲ್ಲಿ ಪ್ಲೂರೋಸಿಡಿನ್ ಸಿಕ್ಕಿತು. ಕೇವಲ 25 ಅಮೈನೋ ಆಮ್ಲಗಳ ಈ ತುಣುಕು ಬ್ಯಾಕ್ಟೀರಿಯಾದ ಪೊರೆಯನ್ನೇ ಕೆಡಿಸುತ್ತದೆ. ಮರುವರ್ಷ ಕೊರಿಯಾದ ವಿಜ್ಞಾನಿಗಳು ಮೀಸೆ ಮೀನೊಂದರಲ್ಲಿ ಕಂಡದ್ದು ಇನ್ನೂ ಸೊಗಸು: ಚರ್ಮಕ್ಕೆ ಗಾಯವಾದಾಗ, ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನನ್ನೇ ಕತ್ತರಿಸಿ ಮೀನು ಆಯುಧ ಮಾಡಿಕೊಳ್ಳುತ್ತದೆ. ಅದರ ಹೆಸರು ಪ್ಯಾರಾಸಿನ್.

ಈ ಕೋಟೆಯೂ ಬೀಳುವುದುಂಟು. 1988ರಲ್ಲಿ ಭಾರತಕ್ಕೆ ಬಂದ ಹುಣ್ಣುರೋಗ ಕೊರವ ಮೀನುಗಳನ್ನು ಬಹಳ ಕಾಡಿತು. ಬಲೆ ಉಜ್ಜಿ ಲೋಳೆ ಹೋದ ಜಾಗ ಇಂಥ ರೋಗಗಳಿಗೆ ತೆರೆದ ಬಾಗಿಲು.

ಸರಿ, ಉಬ್ಬಸಕ್ಕೆ? ಅಸ್ತಮಾ ಎಂದರೆ ಶ್ವಾಸನಾಳ ಊದಿಕೊಂಡು ಬಿಗಿಯುವುದು. ಬ್ಯಾಕ್ಟೀರಿಯಾ ಕೊಂದರೆ ಅದು ಹೋಗದು. ಹೊಟ್ಟೆಗೆ ಇಳಿದ ಲೋಳೆಯ ಪ್ರೋಟೀನು ಮಿಕ್ಕ ಆಹಾರದಂತೆ ಜೀರ್ಣವಾಗುತ್ತದೆ. ಅಷ್ಟಕ್ಕೂ ಸಸ್ಯಾಹಾರಿಗಳಿಗೆ ಅದೇ ಮದ್ದನ್ನು ಬೆಲ್ಲದಲ್ಲಿ ಕೊಡುತ್ತಾರಲ್ಲ! ಪ್ರಸಾದದಿಂದ ಅಸ್ತಮಾ ವಾಸಿಯಾಗುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ನಂಬಿಕೆಯಿಂದ ಹೋಗುವವರು ಹೋಗಲಿ, ಆದರೆ ಇನ್‌ಹೇಲರ್ ಬಿಡಬೇಡಿ. ಸಾಲಿನಲ್ಲಿ ನಿಲ್ಲುವಾಗಲೂ ಅದು ಜೇಬಿನಲ್ಲಿರಲಿ.

ಅಡುಗೆಮನೆಯ ಮಾತೊಂದು ಉಳಿಯಿತು. ಮೀನು ಸತ್ತ ಮೇಲೆ ಮೈಮೇಲಿನ ಲೋಳೆಯೇ ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಅಮ್ಮಂದಿರು ಉಪ್ಪು, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆಯುವುದು ಸುಮ್ಮನೆ ಅಲ್ಲ. ತೊಳೆಯುವಾಗ ಮುಳ್ಳು ಚುಚ್ಚಿದರೆ ಕೈಗೆ ತಕ್ಷಣ ಸೋಪು ಹಾಕಿ.